ಜೀನಿನ ಮೇಲಿನ ರೊಟ್ಟಿ

ನಾನು ಕುದುರೆ ಹತ್ತಿದ್ದು ನಲವತ್ನಾಲ್ಕನೇ ವಯಸ್ಸಿಗೆ. ಇದನ್ನು ಹೇಳಿದ ಕೂಡಲೇ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕಣ್ಣು ಸೊಂಟಕ್ಕೆ ಇಳಿಯುತ್ತದೆ. ಇಳಿಯಲಿ. ಸಿರುಗುಪ್ಪದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದವಳಿಗೆ ಯಾರ ನೋಟದ ಹೆದರಿಕೆಯೂ ಉಳಿದಿರುವುದಿಲ್ಲ.

ಶುರುವಾದದ್ದು ಬೆನ್ನುನೋವಿನಿಂದ. ಬೆಳಿಗ್ಗೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸು, ಸಂಜೆ ವಾಪಸ್ ಬಸ್ಸು. ಭತ್ತದ ಕೊಯ್ಲಿನ ದಿನಗಳಲ್ಲಂತೂ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋಗುವ ಬಸ್ಸು. ಡಾಕ್ಟರು ಬೆಳಿಗ್ಗೆ ಎದ್ದು ನಡೆಯಿರಿ ಎಂದರು. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಅಮ್ಮ ಪೂಜೆಗೆ ಕೂರುವ ಹೊತ್ತಿಗೆ ನಾನು ಕಂಟೋನ್ಮೆಂಟಿನ ಕಡೆ ನಡೆಯಲು ಹೊರಟೆ. ಅಲ್ಲಿ ಹಳೇ ಬಂಗಲೆಯೊಂದರ ಹಿಂದೆ ಬಯಲಿದೆ. ಮೂರನೇ ದಿನವೋ ನಾಲ್ಕನೇ ದಿನವೋ, ಆ ಬಯಲಿನಿಂದ ಒಂದು ಗುಡುಗು ಕೇಳಿಸಿತು.

“ಕುಂಡಿ ಎತ್ತು! ಎತ್ತಲೇ! ಅದೇನು ನಿಮ್ಮಪ್ಪನ ಸೋಫಾ ಅಂತ ತಿಳಕೊಂಡೀಯೇನು?”

ನಮ್ಮ ಮನೆಯಲ್ಲಿ ಆ ಅಂಗಕ್ಕೆ ಹೆಸರೇ ಇಲ್ಲ. ನಾನು ಗಕ್ಕನೆ ನಿಂತೆ. ಕಾಂಪೌಂಡಿನ ಒಡೆದ ಕಲ್ಲಿನ ಸಂದಿಯಿಂದ ಇಣುಕಿದರೆ ಒಂದು ಕೆಂಪು ಹೆಣ್ಣುಕುದುರೆ, ಅದರ ಮೇಲೆ ಹತ್ತು ವರ್ಷದ ಹುಡುಗಿ, ಎರಡು ಎಣ್ಣೆ ಡಬ್ಬಿಗಳ ಮೇಲೆ ಅಡ್ಡ ಇಟ್ಟ ಬೊಂಬು, ಮತ್ತು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೊಟ್ಟಗೆ ಕೂತು ಕಿರುಚುತ್ತಿದ್ದ ಬಿಳಿ ಮೀಸೆಯ ಮನುಷ್ಯ. ಕುದುರೆ ಬೊಂಬನ್ನು ದಾಟಿತು. ದಾಟುವ ಒಂದು ಕ್ಷಣ ಆ ಹುಡುಗಿ ಕುದುರೆಯ ಬೆನ್ನಿಗೆ ಬಿಗಿದ ಜೀನಿಗೆ ತಾಗದೆ ಗಾಳಿಯಲ್ಲಿ ಬಾಗಿ ನಿಂತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಟ್ಟು ಏನು ಮಾಡಲಿ, ಹತ್ತು ವರ್ಷದ ಕೂಸಿನ ಮೇಲೆ ಹೊಟ್ಟೆಕಿಚ್ಚಾಯಿತು. ಮುಂದಿನ ವಾರ ನಾನು ಚೂಡಿದಾರಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ಅದೇ ಬಯಲಿನಲ್ಲಿ ನಿಂತಿದ್ದೆ.

ಆ ಮನುಷ್ಯನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ನದಿ ದಂಡೆಯ ರಾರಾವಿಯವರು. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಕುದುರೆ ಪಳಗಿಸಿ, ಸವಾರರಿಗೆ ಕಲಿಸಿ, ಸೊಂಟದ ಕೀಲು ಸವೆಸಿಕೊಂಡು ಬಂದವರು. ಈಗ ಹೆಂಡತಿಯ ಊರಾದ ಬಾದನಹಟ್ಟಿಯಲ್ಲಿ ಮನೆ. ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಿದ್ದರು. ತಾವು ಕುದುರೆ ಹತ್ತುವಂತಿರಲಿಲ್ಲ; ಆ ಸಿಟ್ಟನ್ನೆಲ್ಲ ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಬಯಲು, ಕುದುರೆ ಎರಡೂ ಒಬ್ಬ ಮಾಲೀಕರವು. ಅವರಿಗೆ ಊರಲ್ಲಿ ಒಂದು ಮದುವೆ ಹಾಲ್ ಇದೆ. ಈ ಕೆಂಪು ಕುದುರೆಯೂ ಮೊದಲು ಮದುವೆ ಮೆರವಣಿಗೆಯದೇ. ಜರಿಯ ಬಟ್ಟೆ ಹೊದ್ದು, ಜನರೇಟರ್ ದೀಪಗಳ ನಡುವೆ, ಮದುಮಗನನ್ನು ಹೊತ್ತು ನಿಲ್ಲುವ ಕೆಲಸ. ಒಮ್ಮೆ ಯಾರೋ ಹಚ್ಚಿದ ಪಟಾಕಿ ಸರ ಬಂದು ಅವಳ ಪಿರ್ರೆಯ ಮೇಲೆ ಬಿತ್ತಂತೆ. ಅಲ್ಲಿ ಅಂಗೈ ಅಗಲ ಕೂದಲು ಮತ್ತೆ ಬೆಳೆದಿರಲಿಲ್ಲ. ಆ ಮೇಲೆ ಅವಳು ಬ್ಯಾಂಡಿನ ಸದ್ದಿಗೇ ನಡುಗತೊಡಗಿದಾಗ ಮೇಷ್ಟ್ರು ಮಾಲೀಕರನ್ನು ಬೇಡಿಕೊಂಡು, ಇವಳನ್ನು ಸವಾರಿ ಕಲಿಸಲು ಇಟ್ಟುಕೊಂಡಿದ್ದರು. ಮೊದಲು ಸಾಕಿದವರು ತೆಲುಗಿನವರಾದ್ದರಿಂದ ಅವಳಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ‘ಪದ’ ಎಂದರೆ ಹೊರಡುವಳು, ‘ಆಗು’ ಎಂದರೆ ನಿಲ್ಲುವಳು. ಕನ್ನಡದಲ್ಲಿ ಹೇಳಿದ್ದನ್ನು ಮಾತ್ರ ತನಗೆ ಬೇಕಾದರೆ ಕೇಳಿಸಿಕೊಳ್ಳುವಳು.

ಕುದುರೆ ಮೇಲೆ ಕೂರುವುದರಲ್ಲಿ ಮೂರು ಬಗೆ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದರು. “ಪೂರಾ ಕೂಡೋದು, ಅರ್ಧ ಕೂಡೋದು, ಕೂಡದೇ ಇರೋದು.” ಪೂರಾ ಕೂತಾಗ ಕಿವಿ, ಭುಜ, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ನೇರ ಗೆರೆಯಲ್ಲಿರಬೇಕು, ನಡಿಗೆಗೆ, ನಿಧಾನದ ಓಟಕ್ಕೆ ಅದು. ಅರ್ಧ ಕೂತಾಗ ಸವಾರ ಸ್ವಲ್ಪ ಮುಂದಕ್ಕೆ ಬಾಗಿ ಭಾರವನ್ನು ತೊಡೆಗೆ ಕೊಡಬೇಕು, ಜೀನಿಗೆ ಬರೀ ಸೋಕಬೇಕು. ಇನ್ನು ಕೂಡದೇ ಇರುವುದು, ಅದು ಜಿಗಿತಕ್ಕೆ. ಕಾಲಿಡುವ ರಿಕಾಪಿನ ಪಟ್ಟಿಯನ್ನು ಎರಡು ತೂತು ಗಿಡ್ಡ ಮಾಡಿಕೊಂಡು, ಮೊಣಕಾಲು ಮಡಚಿ, ಸೊಂಟದಲ್ಲಿ ಬಾಗಿ, ಹಿಂಭಾಗವನ್ನು ಜೀನಿನಿಂದ ಎತ್ತಿ ಹಿಡಿಯಬೇಕು. ಭಾರವೆಲ್ಲ ಹಿಮ್ಮಡಿಗೆ ಇಳಿಯಬೇಕು. ಕೈ ಅವಳ ಕುತ್ತಿಗೆಯ ಪಕ್ಕದಲ್ಲೇ ಮುಂದಕ್ಕೆ ಹೋಗಬೇಕು; ಅವಳು ಕುತ್ತಿಗೆ ಚಾಚಿದಾಗ ಲಗಾಮು ಬಾಯಿಗೆ ಎಳೆಯಬಾರದು.

“ಜಿಗಿಯೋ ಹೊತ್ತಿನಾಗ ಅಕಿ ಬೆನ್ನು ಅಕಿಗೆ ಬಿಟ್ಟುಕೊಡಬೇಕ್ರಿ ಟೀಚರ್. ಅಷ್ಟ. ಉಳಿದದ್ದು ಅಕಿ ನೋಡಿಕೋತಾಳ,” ಎನ್ನುತ್ತಿದ್ದರು.

ಕೇಳಲು ಎಷ್ಟು ಸುಲಭ! ನನ್ನದು ಹುಟ್ಟಿದಾಗಿನಿಂದ ಕೂತ ದೇಹ. ಅಪ್ಪ ಗುಮಾಸ್ತರು, ‘ನೆಟ್ಟಗೆ ಕೂತುಕೋ’ ಎನ್ನುವುದು ನಮ್ಮ ಮನೆಯ ಮೊದಲ ಪಾಠ. ಶಾಲೆಯಲ್ಲಿ ಕುರ್ಚಿ, ಬಸ್ಸಿನಲ್ಲಿ ಸೀಟು. ಕುದುರೆಯ ಮೇಲೂ ನಾನು ಕಾಲು ಮುಂದೆ ಚಾಚಿ, ಬೆನ್ನು ಹಿಂದೆ ಹಾಕಿ ಕೂರುತ್ತಿದ್ದೆ. ಮೇಷ್ಟ್ರು ಇದಕ್ಕೆ ‘ಕುರ್ಚಿ ಸವಾರಿ’ ಎಂದು ಹೆಸರಿಟ್ಟರು. ಜಿಗಿತದಲ್ಲಂತೂ, ಬೊಂಬು ದಾಟುವಾಗ ಹೇಗೋ ಎದ್ದು ನಿಲ್ಲುತ್ತಿದ್ದೆ. ಆದರೆ ಕುದುರೆಯ ಮುಂಗಾಲು ನೆಲ ಮುಟ್ಟಿದ್ದೇ ತಡ, ಬಸ್ಸಿನಲ್ಲಿ ಖಾಲಿ ಸೀಟು ಕಂಡವಳ ಹಾಗೆ ಧೊಪ್ಪನೆ ಕೂತುಬಿಡುತ್ತಿದ್ದೆ. ಅವಳ ಹಿಂಗಾಲು ಇನ್ನೂ ಗಾಳಿಯಲ್ಲೇ ಇರುತ್ತಿತ್ತು.

ಈ ರೋಗಕ್ಕೆ ಮೇಷ್ಟ್ರ ಬಳಿ ಸ್ವಂತದ್ದೊಂದು ಔಷಧಿ ಇತ್ತು. ಅದೇ ರೊಟ್ಟಿ.

ಹಳೇ ಪಂಜೆಯ ಬಟ್ಟೆಯಲ್ಲಿ ಅವರು ಚಪ್ಪಟೆಯಾದ ಒಂದು ಚೀಲ ಹೊಲಿದು ಜೀನಿಗೆ ಕಟ್ಟಿದ್ದರು, ಸವಾರ ಕೂರುವ ಜಾಗದಲ್ಲೇ. ಬೊಂಬು ಹಾರಿಸುವ ಪಾಠವಿದ್ದ ದಿನ ಅದರೊಳಗೆ ಒಂದು ಖಡಕ್ ಜೋಳದ ರೊಟ್ಟಿ ಇಡುತ್ತಿದ್ದರು. ಹೆಂಡತಿ ಬೆಳಗಿನ ಜಾವ ಎದ್ದು, ಇದಕ್ಕೆಂದೇ ಒಂದಿಷ್ಟು ದಪ್ಪಗೆ ತಟ್ಟಿ, ಗರಿಗರಿಯಾಗುವಂತೆ ಒಣಗಿಸಿ ಕೊಟ್ಟ ರೊಟ್ಟಿಗಳು. ರಿಕಾಪಿನಲ್ಲಿ ನಿಂತೇ ಹೊರಟು, ಜಿಗಿತ ಮುಗಿದು ನಾಲ್ಕು ಹೆಜ್ಜೆ ಓಡುವವರೆಗೆ ನೀವು ಜೀನಿಗೆ ಭಾರ ಹಾಕದಿದ್ದರೆ ರೊಟ್ಟಿ ಇಡಿಯಾಗಿರುತ್ತದೆ. ಕೂತಿರೋ, ಟಕ್ ಎಂದು ಮುರಿಯುತ್ತದೆ, ಬಯಲಿಗೆಲ್ಲ ಕೇಳಿಸುತ್ತದೆ. ವಾದ ಮಾಡಲು ಜಾಗವೇ ಇಲ್ಲ. ಗಣಿತದವಳಾದ ನನಗೆ ಈ ಪರೀಕ್ಷೆ ಬಹಳ ಹಿಡಿಸಿತ್ತು, ಫೇಲಾಗುತ್ತಿದ್ದವಳು ನಾನೇ ಆಗಿದ್ದರೂ.

ರೊಟ್ಟಿಗೆ ಒಂದು ಕಾಯದೆಯೂ ಇತ್ತು. ಇಡಿಯಾಗಿ ಉಳಿದ ರೊಟ್ಟಿ ಸವಾರರಿಗೆ. ಅಲ್ಲೇ ಕಟ್ಟೆಯ ಮೇಲೆ ಶೇಂಗಾ ಚಟ್ನಿಯ ಜೊತೆ ತಿನ್ನಬಹುದು. ಮುರಿದ ರೊಟ್ಟಿ ಕುದುರೆಗೆ. “ಪೆಟ್ಟು ತಿಂದಾಕಿ ಅಕಿ. ಪರಿಹಾರ ಅಕಿಗೇ ಸಿಗಬೇಕಲ್ಲ,” ಎನ್ನುತ್ತಿದ್ದರು ಮೇಷ್ಟ್ರು. ಎಂಥ ನ್ಯಾಯವಂತ ಎಂದು ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಈ ಕಥೆಯನ್ನು ಒಂದು ದಿನ ಬಾಯಿ ತಪ್ಪಿ ಮನೆಯಲ್ಲಿ ಹೇಳಿಬಿಟ್ಟೆ. ಅಮ್ಮ ಹೂಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿದಳು.

“ಅನ್ನದ ಮ್ಯಾಲೆ ಕೂಡೋದೇನೇ?”

“ಕೂಡಬಾರದು ಅಂತಲೇ ಇಡೋದಮ್ಮಾ.”

“ಮತ್ತ ನೀ ಕೂತಿಯೋ ಇಲ್ಲೋ?”

“ಕೂತೆ.”

“ಹಂಗಾದ್ರ ಪಾಪ ಬಂತಲ್ಲ!” ಎಂದು ಅಮ್ಮ ಮತ್ತೆ ಬತ್ತಿ ಹೊಸೆಯತೊಡಗಿದಳು. ಆ ರೊಟ್ಟಿ ಆಮೇಲೆ ಕುದುರೆಯ ಹೊಟ್ಟೆಗೆ ಹೋಗುತ್ತದೆ, ಒಂದು ಚೂರೂ ಹಾಳಾಗುವುದಿಲ್ಲ ಎಂದ ಮೇಲೆ ಸ್ವಲ್ಪ ಸಮಾಧಾನವಾಯಿತು. ಆದರೂ ಪ್ರತಿ ಸಲ ನಾನು ಬಯಲಿನಿಂದ ಬಂದಾಗ “ಇವತ್ತೆಷ್ಟು ಪಾಪ?” ಎಂದು ಕೇಳುವುದನ್ನು ಬಿಡಲಿಲ್ಲ. ದಿನಕ್ಕೆ ಎರಡು ಮೂರು ಪಾಪವಾದರೂ ಆಗುತ್ತಿತ್ತು.

ಹೀಗೇ ಐದಾರು ತಿಂಗಳು ನಡೆಯಿತು. ನಾನು ಒಂದಿಷ್ಟು ಸುಧಾರಿಸಿದೆ ಎಂದೇ ನನ್ನ ನಂಬಿಕೆ. ನಡಿಗೆಯಲ್ಲಿ ಕಾಲು ಹಿಂದಕ್ಕೆ ಬಂದಿತ್ತು, ಬೆನ್ನುನೋವು ಮಾಯವಾಗಿತ್ತು. ಆದರೆ ರೊಟ್ಟಿ ಮಾತ್ರ ಉಳಿಯಲೊಲ್ಲದು. ಅಷ್ಟೇ ಅಲ್ಲ, ನಮ್ಮ ಕೆಂಪು ಕುದುರೆ ಹೊಸದೊಂದು ಚಾಳಿ ಕಲಿತಳು. ಬೊಂಬು ದಾಟಿ ಇಳಿದ ಕೂಡಲೇ ಬೆನ್ನು ಗೂನು ಮಾಡಿ, ಹಿಂಭಾಗವನ್ನು ಒಮ್ಮೆ ಜಾಡಿಸುವುದು. ಸವಾರ ಮೇಲಕ್ಕೆ ಹಾರಿ ಜೀನಿನ ಮೇಲೆ ಬಂದು ಬೀಳಬೇಕು, ಟಕ್. ಆ ಮೇಲೆ ಅವಳು ತಾನೇ ನಿಂತು, ಏನೂ ಆಗಿಲ್ಲವೆನ್ನುವಂತೆ ಕುತ್ತಿಗೆ ಹೊರಳಿಸಿ ಹಿಂದೆ ನೋಡುವಳು.

ನನ್ನ ಒರಟು ಕೂರುವಿಕೆಯಿಂದ ಅವಳ ಬೆನ್ನು ನೋಯುತ್ತಿದೆ, ಅದಕ್ಕೇ ಜಾಡಿಸುತ್ತಾಳೆ ಎಂದು ನಾನು ಒಳಗೊಳಗೇ ಕುಗ್ಗಿದೆ. ಮೇಷ್ಟ್ರು ಅವಳ ಬೆನ್ನನ್ನೆಲ್ಲ ಬೆರಳಿನಿಂದ ಒತ್ತಿ ನೋಡಿದರು. ನೋವಿನ ಸುಳಿವಿಲ್ಲ. ಹಾಗಾದರೆ ಇದು ಮೆರವಣಿಗೆಯಲ್ಲಿ ಕುಣಿಸಿದ ಹಳೇ ಚಾಳಿ, ಮರುಕಳಿಸಿದೆ ಎಂದು ತೀರ್ಮಾನ ಕೊಟ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಹಾಗೆ ಅನ್ನಬಾರದೆಂದು ಬಾಯಿ ಮುಚ್ಚಿಕೊಂಡೆ.

ಅಷ್ಟರಲ್ಲಿ ಆ ಹತ್ತು ವರ್ಷದ ಹುಡುಗಿ ಹೀಗೇ ಬಿದ್ದು ಮುಂಗೈ ಉಳುಕಿಸಿಕೊಂಡಳು. ಇನ್ನೊಂದು ಮಗುವೂ ಬಿತ್ತು. ಅಪ್ಪಂದಿರು ಅಮ್ಮಂದಿರು ವಾಟ್ಸ್ಯಾಪಿನಲ್ಲಿ ಕುದುರೆಯ ಮೇಲೆ ಮೊಕದ್ದಮೆ ನಡೆಸಿದರು. ಒಂದೇ ವಾರದಲ್ಲಿ ಬಯಲಿನಲ್ಲಿ ಉಳಿದ ಶಿಷ್ಯೆ ನಾನೊಬ್ಬಳೇ.

ಒಂದು ಶನಿವಾರ ಮಾಲೀಕರು ಬಂದರು. ಕೆಟ್ಟವರಲ್ಲ, ಕುದುರೆಯ ಹಣೆ ಸವರಿಯೇ ಮಾತಾಡಿದರು. ಆದರೆ ಮಾತು ಸ್ಪಷ್ಟವಾಗಿತ್ತು. “ಮಕ್ಕಳನ್ನ ಕೆಡವೋ ಕುದುರಿ ಇಟ್ಟುಕೊಂಡು ಏನ್ ಮಾಡ್ಲಿ ಮೇಷ್ಟ್ರೇ? ಮೆರವಣಿಗಿಗೆ ಕಳಿಸಿಬಿಡ್ತೀನಿ. ಅಲ್ಲಿ ಒಂದಿಷ್ಟು ಕುಣಿದರೂ ಜನ ಚಪ್ಪಾಳಿ ಹೊಡೀತಾರ.” ಮೇಷ್ಟ್ರು ಹತ್ತು ದಿನ ಕೇಳಿದರು. ಮಾಲೀಕರು, ಈ ಬುಧವಾರ ಬಿಟ್ಟು ಮುಂದಿನ ಬುಧವಾರ ಬೆಳಿಗ್ಗೆ ಬಂದು ನೋಡುತ್ತೇನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಅವತ್ತೇ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದರು.

ನನಗೆ ಅವಳ ಪಿರ್ರೆಯ ಮೇಲಿನ ಆ ಬೋಳು ಕಲೆಯಿಂದ ಕಣ್ಣು ತೆಗೆಯಲಾಗಲಿಲ್ಲ. ಮತ್ತೆ ಆ ಪಟಾಕಿ, ಆ ದೀಪ, ಆ ಬ್ಯಾಂಡು. ಅದೂ ನನ್ನಿಂದ. ನಾನು ಸರಿಯಾಗಿ ಬೆನ್ನು ಬಿಟ್ಟುಕೊಟ್ಟಿದ್ದರೆ ಅವಳು ಜಾಡಿಸಲು ಕಲಿಯುತ್ತಿರಲಿಲ್ಲ ಎಂದೇ ನನಗೆ ಅನ್ನಿಸುತ್ತಿತ್ತು. ಶನಿವಾರ ರಾತ್ರಿ ಊಟ ಸೇರಲಿಲ್ಲ. “ಇವತ್ತ ಪಾಪದ ಲೆಕ್ಕ ಹೇಳಲಿಲ್ಲ?” ಎಂದ ಅಮ್ಮನ ಮೇಲೆ ರೇಗಿದೆ. ಅಮ್ಮ ಮಜ್ಜಿಗೆ ತಂದಿಟ್ಟಳು.

ಮರುದಿನ ಕುರುಗೋಡಿನ ಬಸ್ಸು ಹತ್ತಿ ಬಾದನಹಟ್ಟಿಯಲ್ಲಿ ಇಳಿದೆ. ಇನ್ನು ಜೀನು ಹತ್ತುವುದಿಲ್ಲ, ಬೇರೆ ಯಾರಾದರೂ ಒಳ್ಳೇ ಸವಾರರನ್ನು ಹುಡುಕಿ ಎಂದು ಮೇಷ್ಟ್ರಿಗೆ ಹೇಳಿ ಬರುವುದು ನನ್ನ ಉದ್ದೇಶವಾಗಿತ್ತು.

ಮೇಷ್ಟ್ರು ಪಡಸಾಲೆಯ ಮಂಚದ ಮೇಲೆ ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಇಟ್ಟುಕೊಂಡು ಮಲಗಿದ್ದರು. ಅಂಗಳದ ಒಲೆಯ ಮುಂದೆ ಅವರ ಹೆಂಡತಿ ರೊಟ್ಟಿ ತಟ್ಟುತ್ತಿದ್ದರು. ಇಷ್ಟು ತಿಂಗಳು ಅವರ ರೊಟ್ಟಿಯ ಮೇಲೆ ಕೂತಿದ್ದೆ, ಅವರನ್ನು ನೋಡಿದ್ದು ಅವತ್ತೇ ಮೊದಲು. ಸಣ್ಣ ಆಳು, ದೊಡ್ಡ ಕೈ. ನನ್ನನ್ನು ನೋಡಿದ ಕೂಡಲೇ ಬಿಸಿ ರೊಟ್ಟಿಯೊಂದನ್ನು ತಟ್ಟೆಗೆ ಹಾಕಿ ಬೆಣ್ಣೆ ಇಟ್ಟರು.

“ಇವತ್ತು ಏಕಾದಶಿ ಅಮ್ಮಾ. ತಿನ್ನೋ ಹಾಗಿಲ್ಲ,” ಎಂದೆ. ಹೇಳುವಾಗ ನಾಚಿಕೆಯಾಯಿತು. ಬೆಣ್ಣೆ ಕರಗುತ್ತಿತ್ತು.

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಆತು ಬಿಡ್ರಿ. ನನ್ನ ರೊಟ್ಟಿ ಹಣೇಬರಹನ ಅಷ್ಟು. ಹೊತ್ತು ಮೂಡೋಕಿಂತ ಮುಂಚೆ ಎದ್ದು ತಟ್ಟಿ ಕಳಿಸ್ತೀನಿ. ಒಬ್ಬರೂ ಚಲೋ ಐತಿ ಅನ್ನಂಗಿಲ್ಲ, ಕೆಟ್ಟೈತಿ ಅನ್ನಂಗಿಲ್ಲ. ಮುರೀತು ಅಂತಾರ, ಇಲ್ಲಾ ಮುರೀಲಿಲ್ಲ ಅಂತಾರ. ಇತ್ತಿತ್ತಲಾಗ ಬರೇ ಮುರೀತು ಅನ್ನೋದ ಆಗೇತಿ.”

ನಾನು ಕಣ್ಣಲ್ಲಿ ನೀರು ತಂದುಕೊಂಡು ನಡೆದದ್ದನ್ನೆಲ್ಲ ಹೇಳಿದೆ. ಅವರು ಕುದುರೆಯನ್ನು ಒಮ್ಮೆಯೂ ಕಂಡವರಲ್ಲ. ಕೈಯಲ್ಲಿ ಹಿಟ್ಟು ತಿರುಗಿಸುತ್ತ ಕೇಳಿಸಿಕೊಂಡರು. ಆಮೇಲೆ ಒಂದೊಂದೇ ಪ್ರಶ್ನೆ ಹಾಕಿದರು.

“ಮುರಿದದ್ದು ಯಾರಿಗೆ ಹಾಕ್ತೀರಿ?”

“ಕುದುರೆಗೆ.”

“ಮುರೀದ ಇದ್ದದ್ದು?”

“ಸವಾರರಿಗೆ.”

“ಅವಾಗ ಕುದುರಿಗೆ ಏನು?”

“ಏನೂ ಇಲ್ಲ.”

ಅವರು ಹೆಂಚಿನ ಮೇಲಿನ ರೊಟ್ಟಿ ಮಗುಚಿದರು. “ಹಂಗಾರ ಆ ಕುದುರಿ ಬಾಳ ಶಾಣ್ಯಾ ಐತಿ ಬಿಡ್ರಿ. ಮುರಿದ್ರ ಸಿಗತೈತಿ ಅಂದ್ರ ಯಾರು ಮುರಿಯಂಗಿಲ್ಲ ಹೇಳ್ರಿ? ನೀವು ಕುಂತ್ರ ಮುರೀತೈತಿ. ನೀವು ಕುಂಡ್ರಲಿಲ್ಲ ಅಂದ್ರ ಅದ ನಿಮ್ಮನ್ನ ಕುಂಡ್ರಸ್ತೈತಿ.”

ನನ್ನ ತಲೆಯಲ್ಲಿ ಲೆಕ್ಕವೊಂದು ಸರಕ್ಕನೆ ಬಿಡಿಸಿಕೊಂಡಿತು. ಜಾಡಿಸುವುದು, ಟಕ್, ನಿಲ್ಲುವುದು, ಹಿಂದೆ ತಿರುಗಿ ನೋಡುವುದು. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಚೀಲವನ್ನು! ಮೇಷ್ಟ್ರು ನ್ಯಾಯವೆಂದು ಕೊಡುತ್ತಿದ್ದ ಪರಿಹಾರ ಅವಳಿಗೆ ಬಹುಮಾನವಾಗಿ ಕಂಡಿತ್ತು. ಇಪ್ಪತ್ತು ವರ್ಷ ಶಾಲೆಯಲ್ಲಿದ್ದ ನನಗಾಗಲಿ, ಇಪ್ಪತ್ತೆರಡು ವರ್ಷ ಕುದುರೆಗಳ ಜೊತೆಗಿದ್ದ ಅವರಿಗಾಗಲಿ ಇದು ಹೊಳೆದಿರಲಿಲ್ಲ.

ಮಂಚದ ಕಡೆಯಿಂದ ಗಂಟಲು ಸರಿಪಡಿಸಿಕೊಂಡ ಸದ್ದು ಬಂತು. “ಇಪ್ಪತ್ತೆರಡು ವರ್ಷ ಕುದುರಿಗೆ ಕಲಿಸೇನಿ ನಾನು,” ಎಂದರು ಮೇಷ್ಟ್ರು.

“ಹೌದಲ್ಲ. ಕುದುರಿ ನಿಮಗ ಏನ್ ಕಲಿಸ್ತು?” ಎಂದರು ಹೆಂಡತಿ, ತಿರುಗಿ ಕೂಡ ನೋಡದೆ.

ಮೇಷ್ಟ್ರು ಗೋಡೆಯ ಕಡೆ ಹೊರಳಿ ಮಲಗಿದರು. ಅವರ ಭುಜ ಅಲುಗುತ್ತಿತ್ತು. ಸಿಟ್ಟೋ ನಗುವೋ ನನಗೆ ತಿಳಿಯಲಿಲ್ಲ. ಸೊಂಟದ ಮೇಲಿನ ಉಪ್ಪಿನ ಗಂಟು ಜಾರಿ ಬಿದ್ದ ಮೇಲೆ ನಗು ಎಂದು ಖಾತ್ರಿಯಾಯಿತು.

ಹೊಸ ಕಾಯದೆಯನ್ನು ಒಲೆಯ ಮುಂದೆಯೇ ಬರೆದರು ಆ ತಾಯಿ. ಇಡೀ ರೊಟ್ಟಿ ಕುದುರೆಗೆ. ಮುರಿದದ್ದು ಕುದುರೆಗೂ ಇಲ್ಲ, ಸವಾರರಿಗೂ ಇಲ್ಲ, ಕಾಗೆಗೆ. ನಾನು ಬಿಡಲು ಬಂದಿದ್ದ ಸವಾರಿಯ ಮಾತನ್ನು ಎತ್ತಲೇ ಇಲ್ಲ. ಏಕೆಂದರೆ ಈಗ ಕೆಲಸ ಪೂರ್ತಿ ನನ್ನ ಮೇಲೆ ಬಿದ್ದಿತ್ತು. ಇಡೀ ರೊಟ್ಟಿ ತಿಂದರೆ ತಾನೆ ಅವಳು ಹೊಸ ಪಾಠ ಕಲಿಯುವುದು? ರೊಟ್ಟಿ ಇಡಿಯಾಗಿ ಉಳಿಯಬೇಕಾದರೆ ಅವಳು ಎಷ್ಟೇ ಜಾಡಿಸಲಿ, ನಾನು ಕೂರಬಾರದು. ಬೇರೆ ಸವಾರರಂತೂ ಇರಲೇ ಇಲ್ಲ.

ಸೋಮವಾರ ಮೂರು ರೊಟ್ಟಿ ಮುರಿದೆ. ಪ್ರತಿ ಸಲವೂ ಅವಳು ನಿಂತು ಕತ್ತು ಹೊರಳಿಸಿದಳು. ಮೇಷ್ಟ್ರು ಕುಂಟುತ್ತ ಬಂದು ಚೂರುಗಳನ್ನು ತೆಗೆದು ಅವಳ ಕಣ್ಣೆದುರೇ ಕಾಂಪೌಂಡಿನ ಮೇಲೆ ಹರಡಿದರು. ಕಾಗೆಗಳು ಬಂದವು. ಅವಳು ಕಾಗೆಗಳನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು. ಸಂಬಳ ತಡೆಹಿಡಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಕಾಣುವ ಮುಖ ಅದು. ಮಂಗಳವಾರವೂ ಅಷ್ಟೇ, ಬುಧವಾರವೂ ಅಷ್ಟೇ.

“ಜುಟ್ಟು ಹಿಡಕೋರಿ ಟೀಚರ್,” ಎಂದರು ಮೇಷ್ಟ್ರು. “ಲಗಾಮಿನ ಆಸರಿ ಬ್ಯಾಡ. ಕುತ್ತಿಗಿ ಮ್ಯಾಲಿನ ಕೂದಲು ಹಿಡಕೊಂಡು, ಹಿಮ್ಮಡಿ ಇಳಿಸಿ, ನಾ ‘ನಾಕು’ ಅನ್ನೋತನಕ ಮ್ಯಾಲೇ ಇರ್ರಿ. ಮಗ್ಗಿ ಹೇಳಿಕೋರಿ ಬೇಕಾರ.”

ಹೇಳಿಕೊಂಡೆ. ಗುರುವಾರ ಬೆಳಿಗ್ಗೆ ಎರಡೂ ಮುಷ್ಟಿಯಲ್ಲಿ ಅವಳ ಕೂದಲು ಹಿಡಿದು, ಹದಿನೇಳರ ಮಗ್ಗಿ ಗಟ್ಟಿಯಾಗಿ ಹೇಳುತ್ತ ಬೊಂಬು ದಾಟಿದೆ. ಅವಳು ಇಳಿದಳು, ಜಾಡಿಸಿದಳು. ನನ್ನ ಮೊಣಕಾಲು ಆ ಪೆಟ್ಟನ್ನು ನುಂಗಿಕೊಂಡಿತು. ಇನ್ನೊಮ್ಮೆ ಜಾಡಿಸಿದಳು. ತೊಡೆ ನಡುಗುತ್ತಿತ್ತು, ಆದರೆ ನಾನು ಮೇಲೇ ಇದ್ದೆ. ಟಕ್ ಎನ್ನಲಿಲ್ಲ. “ನಾಕು!” ಎಂದು ಮೇಷ್ಟ್ರು ಕೂಗಿದ್ದು ಊರ ಕೋಟೆಯ ಬೆಟ್ಟದವರೆಗೆ ಕೇಳಿಸಿರಬೇಕು. ಇಳಿದು, ಚೀಲದಿಂದ ಇಡೀ ರೊಟ್ಟಿ ತೆಗೆದು ಅವಳ ಮೂತಿಯ ಕೆಳಗೆ ಹಿಡಿದೆ. ಅವಳು ಕೂಡಲೇ ಬಾಯಿ ಹಾಕಲಿಲ್ಲ. ಮೂಸಿದಳು, ನನ್ನನ್ನು ನೋಡಿದಳು. ಆಮೇಲೆ ತಿಂದಳು.

ಅಲ್ಲಿಂದ ಮುಂದೆ ನಾವಿಬ್ಬರೂ ಒಟ್ಟಿಗೆ ಕಲಿತೆವು. ಭಾನುವಾರದ ಹೊತ್ತಿಗೆ ಜಾಡಿಸುವುದು ಅರ್ಧಕ್ಕೆ ಇಳಿದಿತ್ತು. ಮಂಗಳವಾರ ನಾಲ್ಕರಲ್ಲಿ ಮೂರು ರೊಟ್ಟಿ ಇಡಿಯಾಗಿ ಉಳಿದವು. ಮನೆಯಲ್ಲಿ ಅಮ್ಮ “ಇವತ್ತ ಒಂದೇ ಪಾಪ ಏನು? ಭೇಷ್!” ಎಂದಳು. ಆದರೆ ನಾಲ್ಕರಲ್ಲಿ ಮೂರು ಎಂದರೆ ನಾಲ್ಕಲ್ಲ ಎಂಬುದು ಗಣಿತದವಳಿಗೆ ಗೊತ್ತಿರುತ್ತದಲ್ಲ.

ಬುಧವಾರ ಆರು ಗಂಟೆಗೇ ಮಾಲೀಕರು ಬಂದರು. ಜೊತೆಗೆ ಒಂದು ಸಣ್ಣ ಲಾರಿಯೂ ಬಂದು ಗೇಟಿನ ಹೊರಗೆ ನಿಂತಿತು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಮಾಲೀಕರಿಗೆ ರೊಟ್ಟಿ ತೋರಿಸಿದರು, ಚೀಲಕ್ಕೆ ಹಾಕಿದರು. “ಎರಡು ಸಲ ಬೊಂಬು ದಾಟಸ್ತಾರ್ರಿ. ರೊಟ್ಟಿ ಇಡೀ ಇದ್ದರ ಕುದುರಿ ಸರಿಯಾಗೇತಿ ಅಂತ ತಿಳೀರಿ,” ಎಂದರು. ಹಾಗೆ ಹೇಳಿ ಅವಳ ಭವಿಷ್ಯವನ್ನೆಲ್ಲ ನನ್ನ ಹಿಂಭಾಗದ ಕೆಳಗೆ ಇಟ್ಟು ತಮ್ಮ ಕುರ್ಚಿಗೆ ಹೋದರು.

“ಪದ,” ಎಂದೆ. ಹೊರಟಳು.

ಮೊದಲ ಸಲ ದಾಟಿದ್ದು ನನಗೆ ನೆನಪೇ ಇಲ್ಲದಷ್ಟು ಚೆನ್ನಾಗಿತ್ತು. ಎರಡನೇ ಸಲ ತಿರುವಿನಲ್ಲಿ ನನ್ನ ಕಣ್ಣು ಲಾರಿಯ ಕಡೆ ಹೋಯಿತು. ಅಷ್ಟೇ ಸಾಕಾಯಿತು. ಅವಳು ಜಿಗಿದಾಗ ನಾನು ಹಿಂದುಳಿದೆ. ಇಳಿಯುವಾಗ ಎಡಗಾಲು ರಿಕಾಪಿನಿಂದ ಜಾರಿತು. ನಾನು ಕೂರುತ್ತಿದ್ದೇನೆ ಎಂದು ನನಗೇ ಗೊತ್ತಾಗುತ್ತಿತ್ತು, ತಡೆಯಲಾಗುತ್ತಿರಲಿಲ್ಲ. ಅದೇ ಹೊತ್ತಿಗೆ ನನ್ನ ಕೆಳಗೆ ಆಕೆಯ ಬೆನ್ನು ಮೆತ್ತಗಾಯಿತು. ಜಾಡಿಸಲಿಲ್ಲ, ಓಡಲಿಲ್ಲ. ಹೆಜ್ಜೆಯನ್ನು ಗಿಡ್ಡ ಮಾಡಿ, ಬೆನ್ನನ್ನು ಒಂದಿಷ್ಟು ಕೆಳಗಿಳಿಸಿ, ನಾನು ಮೇಲೇಳುವವರೆಗೆ ನನ್ನನ್ನು ಕಾದಳು. ಹಳೇ ಕಾಯದೆಯಲ್ಲಿ ಇಂಥ ಅವಕಾಶ ಸಿಕ್ಕಿದ್ದರೆ ಬಿಡುತ್ತಿದ್ದಳೇ? ನಾನು ತೊಡೆ ಒತ್ತಿ ಎದ್ದೆ. ನಾಲ್ಕು ಹೆಜ್ಜೆ ಮುಗಿಯಿತು. ‘ಟಕ್’ ಕೇಳಿಸಲಿಲ್ಲ, ಆದರೆ ‘ಚಿಟ್’ ಎಂದು ಏನೋ ಅಂದಂತಾಗಿತ್ತು. ನನಗೆ ಮಾತ್ರ ಕೇಳಿಸಿರಲಿ ದೇವರೇ ಎಂದುಕೊಂಡೆ.

ನಾನು ಇನ್ನೂ ರಿಕಾಪಿನ ಮೇಲೇ ನಿಂತಿದ್ದಾಗ ಮೇಷ್ಟ್ರು ಬಂದು ಚೀಲಕ್ಕೆ ಕೈ ಹಾಕಿದರು. ಅವರ ಬೆನ್ನು ಮಾಲೀಕರ ಕಡೆಗಿತ್ತು, ಮುಖ ನನ್ನ ಕಡೆಗೆ. ರೊಟ್ಟಿ ಹೊರಗೆ ಬಂತು. ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಚೂರು ಬಿಟ್ಟುಕೊಂಡಿತ್ತು. ಇಷ್ಟು ತಿಂಗಳಲ್ಲಿ ಯಾರಿಗೂ ಒಂದು ಬಿರುಕನ್ನೂ ಮಾಫಿ ಮಾಡದ ಆ ಮನುಷ್ಯ ನನ್ನ ಕಣ್ಣಲ್ಲಿ ಕಣ್ಣಿಟ್ಟು ಆ ಚೂರನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ತಿರುಗಿ, ಚೂರು ಹೋದ ಅಂಚನ್ನು ಹೆಬ್ಬೆರಳಿನಲ್ಲಿ ಮುಚ್ಚಿ, ರೊಟ್ಟಿಯನ್ನು ಎತ್ತಿ ತೋರಿಸಿದರು.

“ಎಷ್ಟು ದಿನ ಆತು ಹಿಂಗ ಸುಧಾರಿಸಿ?” ಎಂದರು ಮಾಲೀಕರು.

ಮೇಷ್ಟ್ರು ತ್ರಿಕಾಲಜ್ಞಾನಿಯ ಹಾಗೆ ತಲೆ ಆಡಿಸಿದರು. ಬಾಯಿ ಬಿಡುವಂತಿರಲಿಲ್ಲ.

“ಒಂದು ವಾರ,” ಎಂದೆ ನಾನು ಮೇಲಿನಿಂದ.

ಮಾಲೀಕರು ಕುದುರೆಯ ಸುತ್ತ ಒಂದು ಸುತ್ತು ಹಾಕಿದರು. ಆ ಬೋಳು ಕಲೆಯ ಮೇಲೆ ಒಂದು ಕ್ಷಣ ಕೈ ಇಟ್ಟರು. “ಇರಲಿ ಬಿಡ್ರಿ,” ಎಂದರು. “ಮೆರವಣಿಗಿಗೆ ಬ್ಯಾರೆ ನೋಡ್ತೀನಿ.” ಲಾರಿ ಖಾಲಿಯೇ ತಿರುಗಿ ಹೋಯಿತು. ಅದರ ಸದ್ದು ರಸ್ತೆಯ ತಿರುವಿನಲ್ಲಿ ಅಡಗುವವರೆಗೂ ನಾನು ಕೆಳಗಿಳಿಯಲಿಲ್ಲ.

ಇಳಿದವಳೇ ಅವಳ ಕುತ್ತಿಗೆ ತಬ್ಬಿಕೊಂಡು ಅತ್ತೆ. ಅಳಬಾರದ ವಯಸ್ಸೇನಲ್ಲ ಅದು. ಅವಳು ನನ್ನ ಅಳುವಿಗೆ ಗಮನ ಕೊಡದೆ ಮೇಷ್ಟ್ರ ಕೈಯಿಂದ ರೊಟ್ಟಿ ಕಿತ್ತುಕೊಂಡು ಕರಕರ ತಿಂದಳು. ಮೇಷ್ಟ್ರು ಬಾಯಲ್ಲಿದ್ದ ಚೂರನ್ನು ನುಂಗಿ, “ಉಪ್ಪು ಒಂದಿಷ್ಟು ಹೆಚ್ಚಾಗೇತಿ ಇವತ್ತು,” ಎಂದರು. ತಾವು ಮಾಡಿದ ಕಳ್ಳತನದ ಬಗ್ಗೆ ಅವತ್ತಿನಿಂದ ಇವತ್ತಿನವರೆಗೆ ಇನ್ನೊಂದು ಮಾತು ಆಡಿಲ್ಲ.

ನನಗೆ ಸಿರುಗುಪ್ಪದ ಬಸ್ಸಿನ ಹೊತ್ತಾಗಿತ್ತು. ಹೆಲ್ಮೆಟ್ ತೆಗೆದು ಹೊರಟವಳನ್ನು ಮೇಷ್ಟ್ರು ಕರೆದರು. ಕೈಚೀಲದಿಂದ ಒಂದು ಬಿಳಿ ಬಟ್ಟೆಯ ಗಂಟು ತೆಗೆದು ಕೊಟ್ಟರು. ಬಿಚ್ಚಿದರೆ ಒಂದು ರೊಟ್ಟಿ. ಖಡಕ್ ಅಲ್ಲ, ತೆಳ್ಳಗಿನ, ಮೆತ್ತಗಿನ, ಇನ್ನೂ ಬೆಚ್ಚಗೇ ಇದ್ದ ರೊಟ್ಟಿ. ನಡುವೆ ಬೆಣ್ಣೆ, ಪಕ್ಕದಲ್ಲಿ ಶೇಂಗಾ ಚಟ್ನಿ.

“ಮನ್ಯಾಕಿ ಕೊಟ್ಟಾಳ,” ಎಂದರು. “ಕುದುರಿಗೆ ಹಾಕಬ್ಯಾಡ ಅಂದಾಳ. ಇವತ್ತ ಏಕಾದಶಿ ಅಲ್ಲ ಅಂತ ಪಂಚಾಂಗ ಕೇಳಿಸಿಕೊಂಡು ಬಂದಾಳಂತ. ಸೋತರೂ ಗೆದ್ದರೂ ಕೊಡ್ರಿ, ಟೀಚರಿಗೆ ಕುಂತು ತಿನ್ನಾಕ ಹೇಳ್ರಿ ಅಂದಾಳ.”

ನಾನು ಬಸ್ಸು ಬಿಟ್ಟೆ. ಕಟ್ಟೆಯ ಮೇಲೆ ಕೂತು ತಿಂದೆ.